ಕೈಯಲ್ಲಿ ಬಲ ಕಮ್ಮಿ ಇರುವವರಿಗೆ ಯಾವ ಪಿಸ್ತೂಲು? ಶೀಲ್ಡ್ ಈಝೀ ಬಗ್ಗೆ ನನ್ನ ಅನುಭವ

ಆತ್ಮರಕ್ಷಣೆಗೆ ಪಿಸ್ತೂಲು ಕೊಳ್ಳಲು ಹೊರಟ ಹೆಂಗಸಿಗೆ ಸಿಗುವ ಸಲಹೆ ಹೆಚ್ಚುಕಮ್ಮಿ ಒಂದೇ: ಚಿಕ್ಕದು ತಗೊಳ್ಳಿ, ಹಗುರವಾದದ್ದು ತಗೊಳ್ಳಿ, ಬಟ್ಟೆಯೊಳಗೆ ಕಾಣುವುದಿಲ್ಲ. ಈ ಸಲಹೆ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ನಾನು ಫಿಸಿಯೋಥೆರಪಿಸ್ಟ್. ಮಣಿಕಟ್ಟು, ಬೆರಳು, ಕೀಲು ಇವುಗಳ ಜೊತೆಗೇ ನನ್ನ ಕೆಲಸ. ನನ್ನ ಎರಡೂ ಹೆಬ್ಬೆರಳುಗಳ ಬುಡದ ಕೀಲು ಸವೆದಿದೆ. ಬಿಗಿಯಾದ ಮುಚ್ಚಳ ತೆಗೆಯುವಾಗಲೇ ನೋವು ಬರುತ್ತದೆ. ಹಾಗಾಗಿ ನಾನು ಪಿಸ್ತೂಲನ್ನು ಬಟ್ಟೆಯ ಕಡೆಯಿಂದ ನೋಡಲಿಲ್ಲ, ಕೈಯ ಕಡೆಯಿಂದ ನೋಡಿದೆ. ಕೊನೆಗೆ ತೆಗೆದುಕೊಂಡದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ ಎಂ ಅಂಡ್ ಪಿ 9 ಶೀಲ್ಡ್ ಈಝೀ. ಪರವಾನಗಿ, ತರಬೇತಿ ಎರಡೂ ಮುಗಿದ ಮೇಲೆ ಇದನ್ನೇ ದಿನವೂ ಸೊಂಟದಲ್ಲಿ ಇಟ್ಟುಕೊಂಡು ಓಡಾಡುತ್ತೇನೆ.

ಮೊದಲು ಹಗುರದ ವಿಷಯ. ಅದೇ ಗುಂಡು, ಅದೇ ಮದ್ದು. ಪಿಸ್ತೂಲು ಹಗುರವಾದಷ್ಟೂ ಅದು ಕೈಯನ್ನು ಜೋರಾಗಿ ಒದೆಯುತ್ತದೆ. ನನಗೆ ಎಲ್ಲರೂ ಹೇಳಿದ್ದು ಸ್ಮಿತ್ ಅಂಡ್ ವೆಸನ್ 642 ರಿವಾಲ್ವರ್. ಅಲ್ಯೂಮಿನಿಯಂ ಮೈ, 400 ಗ್ರಾಂಗಿಂತ ಸ್ವಲ್ಪ ಜಾಸ್ತಿ ತೂಕ, .38 ಸ್ಪೆಷಲ್ ಅನ್ನುವ ಅಳತೆಯ 5 ಗುಂಡು ಹಿಡಿಯುತ್ತದೆ. ಹ್ಯಾಮರ್, ಅಂದರೆ ಗುಂಡನ್ನು ಸಿಡಿಸಲು ಬಡಿಯುವ ಪುಟ್ಟ ಸುತ್ತಿಗೆ, ಒಳಗೇ ಇರುವುದರಿಂದ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಪಿಸ್ತೂಲಿನ ಹಾಗೆ ಸ್ಲೈಡ್ (ಮೊದಲ ಗುಂಡನ್ನು ಒಳಗೆ ಕೂರಿಸಲು ಹಿಂದಕ್ಕೆ ಎಳೆಯಬೇಕಾದ ಮೇಲ್ಭಾಗ) ಎಳೆಯುವ ಕೆಲಸವೇ ಇಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಪ್ರತಿ ಗುಂಡಿಗೂ ಟ್ರಿಗರ್ ಅನ್ನು ಉದ್ದಕ್ಕೆ, ಸುಮಾರು 5 ಕಿಲೋ ಬಲದಲ್ಲಿ ಎಳೆಯಬೇಕು. ಬೆರಳಿಗೆ ಬಲ ಸಾಲದಿದ್ದರೆ ಎಳೆಯುವಾಗ ಇಡೀ ಕೈ ತಿರುಗುತ್ತದೆ, ಗುಂಡು ಗುರಿಯ ಪಕ್ಕಕ್ಕೆ ಹೋಗುತ್ತದೆ. ಗುಂಡು ಹೊಡೆಯುವ ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಹೊಡೆದು ನೋಡಿದೆ. ಸ್ವಲ್ಪ ಹೊತ್ತಿಗೇ ಹೆಬ್ಬೆರಳಿನ ಬುಡ ಉರಿಯಲು ಶುರುವಾಯಿತು. ನೋವು ಕೊಡುವ ಆಯುಧದಲ್ಲಿ ಯಾರೂ ಅಭ್ಯಾಸ ಮಾಡುವುದಿಲ್ಲ. ಅಭ್ಯಾಸವಿಲ್ಲದೆ ಇಟ್ಟುಕೊಂಡರೆ ಅದು ನಿಮಗೂ ಅಪಾಯ, ಸುತ್ತಲಿನವರಿಗೂ ಅಪಾಯ.

ಇನ್ನು ಚಿಕ್ಕ ಪಿಸ್ತೂಲುಗಳು. 2018ರಲ್ಲಿ ಬಂದ ಸಿಗ್ ಪಿ365 ಈ ಗುಂಪಿನಲ್ಲಿ ದೊಡ್ಡ ಹೆಸರು. ಅರ್ಧ ಕಿಲೋ ತೂಕ, ಮ್ಯಾಗಜೀನಿನಲ್ಲಿ (ಗುಂಡು ತುಂಬಿ ಹಿಡಿಯೊಳಗೆ ಸೇರಿಸುವ ಡಬ್ಬಿ) 10 ಗುಂಡು. ಒಳ್ಳೆಯ ಪಿಸ್ತೂಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಸ್ತೂಲು ಚಿಕ್ಕದಾದರೆ ಸ್ಲೈಡ್ ಹಗುರವಾಗುತ್ತದೆ, ಅದು ಹಿಂದಕ್ಕೆ ಓಡುವ ದೂರವೂ ಕಮ್ಮಿಯಾಗುತ್ತದೆ. ಅಷ್ಟು ಕಮ್ಮಿ ಜಾಗದಲ್ಲಿ ಅದನ್ನು ತಡೆಯಲು ಸ್ಪ್ರಿಂಗ್ ಬಿಗಿಯಾಗಿರಬೇಕು. ಆ ಬಿಗಿ ಸ್ಪ್ರಿಂಗನ್ನು ಎಳೆಯಬೇಕಾದ್ದು ನಮ್ಮ ಕೈ. ಗಟ್ಟಿ ಕೈ ಇರುವವರು ಇದನ್ನೇ ತೆಗೆದುಕೊಳ್ಳಲಿ. ನನ್ನಂಥವರಿಗೆ ಆಗುವುದಿಲ್ಲ.

ಶೀಲ್ಡ್ ಈಝೀ ಬೇರೆ ಥರ ಯೋಚಿಸಿ ಮಾಡಿದ ಪಿಸ್ತೂಲು. ಈಗಿನ ಹೆಚ್ಚಿನ ಚಿಕ್ಕ ಪಿಸ್ತೂಲುಗಳಲ್ಲಿ ಸ್ಟ್ರೈಕರ್, ಅಂದರೆ ಸ್ಪ್ರಿಂಗಿನ ಬಲದಲ್ಲಿ ನೇರ ಮುಂದಕ್ಕೆ ನುಗ್ಗಿ ಗುಂಡನ್ನು ಸಿಡಿಸುವ ಕಡ್ಡಿ, ಇರುತ್ತದೆ. ಇದರಲ್ಲಿ ಹೊರಗೆ ಕಾಣದ ಹಾಗೆ ಒಳಗೆ ಹ್ಯಾಮರ್ ಇದೆ. ಅದರಿಂದ ಸ್ಲೈಡಿನ ಸ್ಪ್ರಿಂಗನ್ನು ಮೆತ್ತಗೆ ಇಡಲು ಆಗಿದೆ. ಕೈಗೆ ತೆಗೆದುಕೊಂಡು ಒಮ್ಮೆ ಎಳೆದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ. ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ಎಳೆಯಬೇಡಿ. ನಾಲ್ಕೂ ಬೆರಳನ್ನು ಸ್ಲೈಡಿನ ಮೇಲಿಂದ ಹಾಕಿ ಅಂಗೈಯಲ್ಲಿ ಅದುಮಿ ಹಿಡಿಯಿರಿ. ಪಿಸ್ತೂಲನ್ನು ಎದೆಯ ಹತ್ತಿರ ತನ್ನಿ. ನಳಿಗೆ ಸುರಕ್ಷಿತ ದಿಕ್ಕಿನಲ್ಲೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ. ಆಮೇಲೆ ಹಿಡಿ ಹಿಡಿದ ಕೈಯನ್ನು ಮುಂದಕ್ಕೆ ತಳ್ಳಿ, ಸ್ಲೈಡ್ ಹಿಡಿದ ಕೈಯನ್ನು ಹಿಂದಕ್ಕೆ ಎಳೆಯಿರಿ. ಕೆಲಸ ಬೆರಳಿನ ಸಣ್ಣ ಕೀಲಿನಿಂದ ಭುಜ, ಬೆನ್ನಿನ ದೊಡ್ಡ ಸ್ನಾಯುಗಳಿಗೆ ಹೋಗುತ್ತದೆ. ಕೈ ಸೋತವರಿಗೆ ನಾನು ದಿನವೂ ಹೇಳಿಕೊಡುವುದೂ ಇದನ್ನೇ, ದೊಡ್ಡ ಕೀಲಿನಿಂದ ಕೆಲಸ ತೆಗೆಯಿರಿ ಅಂತ.

ಮ್ಯಾಗಜೀನಿಗೂ ಇದೇ ಕಾಳಜಿ ತೋರಿಸಿದ್ದಾರೆ. ಸಾಮಾನ್ಯ ಮ್ಯಾಗಜೀನಿಗೆ ಕೊನೆಯ ಎರಡು ಗುಂಡು ತುಂಬುವುದು ಹೆಬ್ಬೆರಳಿಗೆ ಶಿಕ್ಷೆ. ಇದರ ಪಕ್ಕದಲ್ಲಿ ಒಂದು ಪುಟ್ಟ ಗುಬುಟು ಇದೆ. ಅದನ್ನು ಕೆಳಕ್ಕೆ ಎಳೆದರೆ ಒಳಗಿನ ಸ್ಪ್ರಿಂಗ್ ತಗ್ಗುತ್ತದೆ, ಗುಂಡು ಸಲೀಸಾಗಿ ಕೂರುತ್ತದೆ. ಹಿಡಿಯುವುದು 8 ಗುಂಡು. ಬಿಚ್ಚಿ ಒರೆಸುವಾಗ ಟ್ರಿಗರ್ ಎಳೆಯುವ ಅಗತ್ಯವಿಲ್ಲ, ಪಕ್ಕದ ಸಣ್ಣ ಲಿವರ್ ತಿರುಗಿಸಿದರೆ ಸಾಕು. ಇದು ನನಗೆ ತುಂಬ ಇಷ್ಟವಾಯಿತು. ಖಾಲಿ ಇದೆ ಅಂದುಕೊಂಡು ಟ್ರಿಗರ್ ಎಳೆದವರಿಂದ ಆದ ಅನಾಹುತಗಳು ಕಮ್ಮಿಯೇನಲ್ಲ.

ಈಗ ಕೊರತೆ. ಹಿಡಿಯ ಹಿಂಬದಿಯಲ್ಲಿ ಒಂದು ಸೇಫ್ಟಿ ಇದೆ. ಅಂಗೈ ಅದನ್ನು ಪೂರ್ತಿ ಒತ್ತದೆ ಗುಂಡು ಹಾರುವುದಿಲ್ಲ. ಹಿಡಿತ ಸರಿಯಿದ್ದರೆ ಅದು ಇರುವುದೇ ಗೊತ್ತಾಗುವುದಿಲ್ಲ. ಅವಸರದಲ್ಲಿ ಅರೆಬರೆ ಹಿಡಿದರೆ ಮಾತ್ರ ಟ್ರಿಗರ್ ಎಳೆದರೂ ಏನೂ ಆಗುವುದಿಲ್ಲ. ಇದಕ್ಕೆ ಅಭ್ಯಾಸ ಬಿಟ್ಟರೆ ಬೇರೆ ದಾರಿಯಿಲ್ಲ. ಹೊರಗೆ ತೆಗೆಯುವ ಮೊದಲೇ, ಹೋಲ್ಸ್ಟರಿನಲ್ಲಿ (ಸೊಂಟಕ್ಕೆ ಸಿಕ್ಕಿಸುವ ಒರೆ) ಇರುವಾಗಲೇ, ಪೂರ್ತಿ ಹಿಡಿತ ಸಿಗಬೇಕು. ಹೆಬ್ಬೆರಳಿನಲ್ಲಿ ಒತ್ತುವ ಇನ್ನೊಂದು ಸೇಫ್ಟಿ ಇರುವ ಮಾದರಿಯೂ ಸಿಗುತ್ತದೆ. ನಾನು ಅದಿಲ್ಲದ್ದನ್ನು ಆರಿಸಿದೆ. ಹೆದರಿಕೆಯಲ್ಲಿ ಕೈ ನಡುಗುವಾಗ ಸವೆದ ಹೆಬ್ಬೆರಳಿಗೆ ಇನ್ನೊಂದು ಕೆಲಸ ಬೇಡ.

ಎರಡನೆಯದು ಗಾತ್ರ. ಉದ್ದ ಸುಮಾರು 17 ಸೆಂಟಿಮೀಟರ್, ಖಾಲಿ ತೂಕ 650 ಗ್ರಾಂ ಆಸುಪಾಸು. ಬಚ್ಚಿಡುವುದಕ್ಕೆ ನಳಿಗೆಯ ಉದ್ದ ತೊಂದರೆ ಕೊಡುವುದಿಲ್ಲ, ಅದು ಸೊಂಟದೊಳಗೆ ಇಳಿದುಬಿಡುತ್ತದೆ. ಬಟ್ಟೆಯ ಮೇಲೆ ಎದ್ದು ಕಾಣುವುದು ಹಿಡಿ. ಗಟ್ಟಿ ಬೆಲ್ಟ್, ಸ್ವಲ್ಪ ಸಡಿಲವಾದ ಮೇಲಂಗಿ, ಸೊಂಟದ ಒಳಗೆ ಕೂರುವ ಕೈಡೆಕ್ಸ್ (ಒಂದು ಥರದ ಗಟ್ಟಿ ಪ್ಲಾಸ್ಟಿಕ್) ಹೋಲ್ಸ್ಟರ್ ಇದ್ದರೆ ಮರೆಯಾಗುತ್ತದೆ. ಹೋಲ್ಸ್ಟರ್ ಟ್ರಿಗರ್ ಜಾಗವನ್ನು ಪೂರ್ತಿ ಮುಚ್ಚಬೇಕು. ಮೆತ್ತನೆಯ ಬಟ್ಟೆಯ ಚೀಲ ಬೇಡವೇ ಬೇಡ.

ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುವವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ದಯವಿಟ್ಟು ಬೇಡ. ಬ್ಯಾಗನ್ನು ನಾವು ಕುರ್ಚಿಯ ಮೇಲೆ ಇಡುತ್ತೇವೆ, ಮರೆತು ಎದ್ದು ಹೋಗುತ್ತೇವೆ. ಮಕ್ಕಳು ಅದರೊಳಗೆ ಕೈ ಹಾಕುತ್ತಾರೆ. ಕಳ್ಳ ಮೊದಲು ಕಿತ್ತುಕೊಳ್ಳುವುದೂ ಬ್ಯಾಗನ್ನೇ. ಮೈಮೇಲೆ ಇಲ್ಲದಿದ್ದಾಗ ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇರಬೇಕು.

ಗುಂಡಿನ ಬಗ್ಗೆ ಎರಡು ಮಾತು. ಈಝೀ ಮೊದಲು 2018ರಲ್ಲಿ .380 ಅಳತೆಯ ಗುಂಡಿಗೆ ಬಂತು, ಆಮೇಲೆ 9 ಎಂಎಂಗೆ. ಎರಡರ ದಪ್ಪವೂ ಒಂದೇ. ಗುಂಡು ಕೂರುವ, ಮದ್ದು ತುಂಬುವ ಲೋಹದ ಕೋಶ .380ರಲ್ಲಿ 17 ಮಿಲಿಮೀಟರ್ ಉದ್ದ, 9 ಎಂಎಂನಲ್ಲಿ 19. ಒಳಗಿನ ಒತ್ತಡದಲ್ಲಿ ಮಾತ್ರ ತುಂಬ ಅಂತರವಿದೆ. .380 ಮೆತ್ತಗೆ ಒದೆಯುತ್ತದೆ, ಅದರ ಶಕ್ತಿಯೂ ಕಮ್ಮಿ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 1986ರ ಮಯಾಮಿ ಗುಂಡಿನ ಕಾಳಗದ ಬಳಿಕ 9 ಎಂಎಂ ಬಿಟ್ಟು ದೊಡ್ಡ ಗುಂಡುಗಳಿಗೆ ಹೋಗಿತ್ತು. ಹಾಲೋ ಪಾಯಿಂಟ್ ಗುಂಡುಗಳು (ತುದಿಯಲ್ಲಿ ಕುಳಿ ಇದ್ದು, ತಗುಲಿದಾಗ ಅರಳುವಂಥವು) ಸುಧಾರಿಸಿದ ಮೇಲೆ 9 ಎಂಎಂಗೇ ಮರಳಿತು. ನನ್ನ ಕೈ 9 ಎಂಎಂ ತಡೆಯುತ್ತದೆ, ಹಾಗಾಗಿ ಅದನ್ನೇ ಇಟ್ಟುಕೊಂಡೆ. ಸಂಧಿವಾತ ಜಾಸ್ತಿ ಇರುವವರು, ವಯಸ್ಸಾದವರು .380 ಈಝೀಯನ್ನೇ ತೆಗೆದುಕೊಳ್ಳಬಹುದು. ನೆಟ್ಟಗೆ ಗುರಿಗೆ ಬೀಳುವ .380 ಗುಂಡು ಗುರಿ ತಪ್ಪಿದ 9 ಎಂಎಂಗಿಂತ ಸಾವಿರ ಪಾಲು ಮೇಲು. ಜೊತೆಗೆ ಇಟ್ಟುಕೊಳ್ಳುವ ಗುಂಡನ್ನೇ ಸ್ವಲ್ಪ ಹೊಡೆದು ನೋಡಿ, ಎಲ್ಲೂ ಸಿಕ್ಕಿಕೊಳ್ಳದೆ ಓಡುತ್ತದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಮಣಿಕಟ್ಟು ಸಡಿಲ ಬಿಟ್ಟರೆ ಯಾವ ಪಿಸ್ತೂಲೂ ಸಿಕ್ಕಿಕೊಳ್ಳಬಹುದು.

ಹಳೆಯದನ್ನು ಕೊಳ್ಳುವವರು ಒಂದು ವಿಷಯ ತಪ್ಪದೆ ನೋಡಬೇಕು. 2020ರ ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ ತಯಾರಾದ 9 ಎಂಎಂ ಈಝೀಗಳಲ್ಲಿ ಕೆಲವು ಹ್ಯಾಮರ್‌ಗಳು ಅಳತೆಗೆ ಸರಿಯಾಗಿರಲಿಲ್ಲ. ಅಂಥ ಹ್ಯಾಮರ್ ಬಿರುಕು ಬಿಟ್ಟರೆ ಗುಂಡು ಹಾರದೇ ಇರಬಹುದು, ಅಥವಾ ಒಮ್ಮೆ ಟ್ರಿಗರ್ ಎಳೆದಾಗ ಒಂದಕ್ಕಿಂತ ಹೆಚ್ಚು ಹಾರಬಹುದು. ಕಂಪನಿಯೇ ಇದನ್ನು ಪ್ರಕಟಿಸಿ, ಪಿಸ್ತೂಲುಗಳನ್ನು ಹಿಂದಕ್ಕೆ ತರಿಸಿಕೊಂಡು ಪರೀಕ್ಷಿಸಿ, ಬೇಕಾದ ಕಡೆ ಹ್ಯಾಮರ್ ಬದಲಿಸಿಕೊಡುವ ವ್ಯವಸ್ಥೆ ಮಾಡಿತು. ದುಡ್ಡು ಕೊಡುವ ಮೊದಲೇ ಸೀರಿಯಲ್ ನಂಬರ್ ಬರೆದುಕೊಂಡು ಕಂಪನಿಯನ್ನು ಕೇಳಿ. ಆ ಕೆಲಸ ಆಗಿಲ್ಲದಿದ್ದರೆ, ಆಗುವವರೆಗೂ ಅದಕ್ಕೆ ಗುಂಡು ತುಂಬಬೇಡಿ.