ಸ್ಟಿಕ್ಕರ್ ಕಿತ್ತು ನೋಡಿ: ‘ಹೆವಿ’ ಅಂತ ಮಾರ್ತಿರೋ ಪಿಚಿಂಗ್ ರಾಡ್ ಬಗ್ಗೆ ಎಚ್ಚರಿಕೆ

ಜೊಂಡು, ಅಂತರಗಂಗೆ, ದಟ್ಟ ಪಾಚಿ ಇರೋ ನೀರಿಗೆ ಲೂರ್ (ಮೀನನ್ನ ಸೆಳೆಯೋ ನಕಲಿ ಆಹಾರ) ಪಿಚ್ ಮಾಡೋಕೆ, ಅಂದ್ರೆ ತಗ್ಗಿನಲ್ಲೇ ತೂರಿ ಬಿಡೋಕೆ, ಮೀನು ಹಿಡಿಯೋ ರಾಡ್ ಹುಡುಕ್ತಾ ಇರೋರು ದುಡ್ಡು ಕಳಿಸೋ ಮುಂಚೆ ಇದನ್ನ ಪೂರ್ತಿ ಓದಿ.

ಆನ್‌ಲೈನ್‌ನಲ್ಲಿ ಮಾರೋ ಒಂದು ಅಂಗಡಿ. ಹೆಸರು ಹಾಕಲ್ಲ, ಹಾಕಿದರೆ ನಾಳೆ ಬೇರೆ ಹೆಸರಲ್ಲಿ ಬರ್ತಾರೆ. ಅವರ ಪುಟದಲ್ಲಿ ಬರೆದಿದ್ದು: 7 ಅಡಿ 6 ಇಂಚು, ಹೆವಿ ಪವರ್, ಫಾಸ್ಟ್ ಆ್ಯಕ್ಷನ್, ಲೂರ್ ತೂಕ 14ರಿಂದ 56 ಗ್ರಾಂ, ಬ್ರೇಡ್ (ಹೆಣೆದ ದಾರ) 65 ಪೌಂಡ್‌ವರೆಗೆ. ಕಳೆಯೊಳಗೆ ಪಿಚ್ ಮಾಡೋರಿಗೆ ಬೇಕಾಗಿರೋದು ಸರಿಯಾಗಿ ಇದೇ ಅಂಕಿ. ಬಂದ ರಾಡ್‌ನಲ್ಲೂ ಹ್ಯಾಂಡಲ್‌ನ ಸ್ವಲ್ಪ ಮೇಲೆ ಅದೇ ಅಂಕಿ ಇತ್ತು. ಆದರೆ ಬೆರಳಾಡಿಸಿದರೆ ಒಂದು ಅಂಚು ಉಗುರಿಗೆ ಸಿಗ್ತಿತ್ತು. ವಾರ್ನಿಷ್ ಕೆಳಗೆ ಅಚ್ಚಾಗಿರೋ ಅಕ್ಷರಕ್ಕೆ ಅಂಚು ಎಲ್ಲಿಂದ ಬರತ್ತೆ? ಉಗುರಲ್ಲಿ ಎತ್ತಿದೆ, ಪಾರದರ್ಶಕ ಸ್ಟಿಕ್ಕರ್ ಎದ್ದು ಬಂತು. ಅದರಡಿ ಒಂದು ಕಪ್ಪು ಪಟ್ಟಿ, ಅದರಡಿ ಕಾರ್ಖಾನೆ ಅಚ್ಚು: 7 ಅಡಿ, ಮೀಡಿಯಂ ಹೆವಿ, ಲೂರ್ 7ರಿಂದ 21 ಗ್ರಾಂ.

ಸ್ಟಿಕ್ಕರ್ ರೀ. ರಾಡ್ ಮೇಲೆ ಸ್ಟಿಕ್ಕರ್ ಅಂಟಿಸಿ ಮಾರಿದ್ದಾರೆ.

ಟೇಪ್ ಹಿಡಿದರೆ 213 ಸೆಂಟಿಮೀಟರ್, ಅಂದರೆ ಸರಿಯಾಗಿ 7 ಅಡಿ. 7 ಅಡಿ 6 ಇಂಚು ಅಂದ್ರೆ ಸುಮಾರು 229 ಇರಬೇಕಿತ್ತು. ಅರ್ಧ ಅಡಿಯನ್ನೂ ಅಂಟಿಸಿಬಿಟ್ಟಿದ್ದಾರೆ! ನಾಲ್ಕು ಜನಕ್ಕೆ ರಾಡ್ ಬಗ್ಗೆ ಸಲಹೆ ಹೇಳೋನಿಗೇ ಹೀಗೆ ಟೋಪಿ ಹಾಕಿದ್ರು ಅಂತ ಬರೆಯೋಕೆ ಮುಜುಗರ ಆಗತ್ತೆ, ಆದ್ರೂ ಬರೀತಿದೀನಿ.

ಮೀಡಿಯಂ ಹೆವಿ ಕೆಟ್ಟ ರಾಡ್ ಅಂತ ಯಾರೂ ಹೇಳ್ತಿಲ್ಲ. ಅಲ್ಲೊಂದು ಇಲ್ಲೊಂದು ಜೊಂಡಿನ ಕಡ್ಡಿ ಇರೋ ಕಡೆ 7ರಿಂದ 14 ಗ್ರಾಂ ಗುಂಡು (ಲೂರ್ ಮುಳುಗಿಸೋಕೆ ದಾರಕ್ಕೆ ಹಾಕೋ ಭಾರ) ಸಾಕು, ಅಲ್ಲಿ ಅದು ಆರಾಮಾಗಿ ಕೆಲಸ ಮಾಡತ್ತೆ. ಆದರೆ ನೀರು ಕಾಣದ ಹಾಗೆ ಹೆಣೆದುಕೊಂಡ ಕಳೆಯ ಹಾಸನ್ನ ತೂತು ಮಾಡಿ ಲೂರ್ ಕೆಳಗಿಳೀಬೇಕು ಅಂದ್ರೆ ಲೆಕ್ಕವೇ ಬೇರೆ. ಟಂಗ್‌ಸ್ಟನ್ ಗುಂಡೇ 28ರಿಂದ 42 ಗ್ರಾಂ ಬೇಕು, ಹಾಸು ತೀರಾ ದಪ್ಪ ಇದ್ದರೆ 56. ಅದರ ಮೇಲೆ ರಬ್ಬರ್ ಲೂರ್, ದಪ್ಪ ತಂತಿಯ ಹುಕ್, ಸ್ಕರ್ಟ್ (ಲೂರ್ ಸುತ್ತ ಕುಚ್ಚಿನ ಹಾಗೆ ಇಳಿಬಿಡೋ ರಬ್ಬರ್ ಎಳೆಗಳು) ಹಾಕೋರು ಸ್ಕರ್ಟ್. ರಾಡ್ ಮೇಲೆ ಬರೆದಿರೋ ಲೂರ್ ತೂಕ ಅಂದ್ರೆ ಇದೆಲ್ಲ ಸೇರಿ. 42 ಗ್ರಾಂ ಗುಂಡು ಕಟ್ಟಿದರೆ ಒಟ್ಟು 55ರ ಆಸುಪಾಸಿಗೆ ಹೋಗಿಬಿಡತ್ತೆ. 21 ಗ್ರಾಂನ ರಾಡ್‌ಗೆ ಅದನ್ನ ನೇತು ಹಾಕಿದರೆ ಬೀಸೋ ಮುಂಚೆಯೇ ತುದಿ ಜೋತು ಬೀಳತ್ತೆ. ಪಿಚಿಂಗ್‌ನಲ್ಲಿ ಲೂರ್‌ನ ಇನ್ನೊಂದು ಕೈಯಲ್ಲಿ ಹಿಡಿದು, ರಾಡ್ ತುದಿ ತಗ್ಗಿಸಿ, ಮೇಲೆತ್ತುವಾಗ ಬಿಡ್ತೀವಿ. ಲೂರ್ ನೀರಿಗೆ ಗೇಣು ಎತ್ತರದಲ್ಲಿ ತೇಲಿ ಹೋಗಿ ಕಳೆಯ ನಡುವಿನ ಕಿಂಡಿಗೆ ಬೀಳಬೇಕು. ತುದಿ ಜೋತು ಬಿದ್ದರೆ ಆ ಎತ್ತುವಿಕೆ ರಾಡ್ ಬಗ್ಗೋದರಲ್ಲೇ ಮುಗಿದುಹೋಗತ್ತೆ. ಲೂರ್ ತಡವಾಗಿ ಹೊರಡತ್ತೆ, ಮೇಲಕ್ಕೆ ಕಮಾನು ಹೊಡೆಯತ್ತೆ, ಧೊಪ್ಪಂತ ಬೀಳತ್ತೆ, ಗುರಿ ಒಂದು ಅಡಿ ತಪ್ಪತ್ತೆ. ಕಿಂಡಿ ಇರೋದೇ ಅಂಗೈ ಅಗಲ.

ಅದಕ್ಕಿಂತ ದೊಡ್ಡ ತೊಂದರೆ ಮೀನು ಕಚ್ಚಿದ ಮೇಲೆ. ಬಾಸ್ ಆಗಲಿ ಕೊರವ ಆಗಲಿ, ಕಚ್ಚಿದ ಕ್ಷಣಕ್ಕೆ ಕಳೆಯ ಬುಡದ ಕಡೆ ನುಗ್ಗತ್ತೆ. ಹುಕ್ ಮೊದಲು ರಬ್ಬರ್ ದಾಟಬೇಕು, ಆಮೇಲೆ ಮೀನಿನ ಗಟ್ಟಿ ದವಡೆ. ಅದೇ ಎಳೆತದಲ್ಲಿ ಮೀನಿನ ತಲೆ ಮೇಲಕ್ಕೆ ತಿರುಗಬೇಕು. ಈ ಬಲ ಬರೋದು ರಾಡ್‌ನ ಕೆಳಗಿನ ಮೂರನೇ ಒಂದು ಭಾಗದಿಂದ. ಅಲ್ಲಿ ಬಿಗಿ ಇಲ್ಲದ ರಾಡ್ ಬಗ್ಗಿ ಬಗ್ಗಿ ಎಳೆತವನ್ನ ತಾನೇ ನುಂಗತ್ತೆ, ಅಷ್ಟರಲ್ಲಿ ಮೀನು ಎರಡು ಕಾಂಡ ಸುತ್ತಿರತ್ತೆ. ಆಮೇಲೆ ನೀವು ಎಳೀತಿರೋದು ಮೀನನ್ನಲ್ಲ, ಕಳೆಯನ್ನ.

ಈಗ ಅವರ ಉತ್ತರಗಳು. ಕೊಳ್ಳೋ ಮುಂಚಿಂದ ಶುರು ಮಾಡ್ತೀನಿ, ಯಾಕಂದ್ರೆ ಮೊದಲ ಉತ್ತರದಲ್ಲೇ ಎಲ್ಲಾ ಇತ್ತು.

ಕೇಳಿದ್ದು: ಇದು ನಿಜವಾಗಿ ಹೆವಿನಾ, ಒಂದೂವರೆ ಔನ್ಸ್ (42 ಗ್ರಾಂ) ಗುಂಡು ತಡೆಯತ್ತಾ? ಬಂದ ಉತ್ತರ: “ಪಕ್ಕಾ ಹೆವಿ ಸರ್, 10 ಕೆಜಿ ಮೀನು ಎತ್ತತ್ತೆ.”

ರಾಡ್‌ಗೆ ಹೀಗೆ ಕೆಜಿ ಲೆಕ್ಕ ಹೇಳೋರನ್ನ ಕಂಡ್ರೆ ದೂರ ಇರಿ. ಲೂರ್ ತೂಕ ಎಷ್ಟು ಅಂತ ಕೇಳಿದರೆ ಮೀನಿನ ತೂಕ ಹೇಳೋದು ಉತ್ತರ ಅಲ್ಲ. ರಾಡ್ ಮೇಲಿನ ಪೌಂಡ್ ಅಂಕಿ ಲೈನ್‌ಗೆ ಸಂಬಂಧಪಟ್ಟದ್ದು, ನೇತು ಹಾಕೋ ಭಾರಕ್ಕಲ್ಲ. 65 ಪೌಂಡ್ ಬ್ರೇಡ್ ಅಂದ್ರೆ ಸುಮಾರು 29 ಕೆಜಿ ಎಳೆತಕ್ಕೆ ಹರಿಯೋ ದಾರ. ಅಷ್ಟು ಭಾರ ಯಾವ ಪಿಚಿಂಗ್ ರಾಡ್ ತುದಿಗೆ ಹಾಕಿದರೂ ರಾಡ್ ಚೂರಾಗತ್ತೆ.

ಬಂದ ಮೇಲೆ, ತುದಿ ಜೋತು ಬೀಳ್ತಿರೋ ವಿಡಿಯೋ ಕಳಿಸಿದ್ದಕ್ಕೆ: “ಅದು ಫಾಸ್ಟ್ ಆ್ಯಕ್ಷನ್ ಸರ್, ಫಾಸ್ಟ್ ಅಂದ್ರೆ ತುದಿ ಬಗ್ಗಲೇಬೇಕು.”

ಅರ್ಧ ಸತ್ಯ, ಅದಕ್ಕೇ ಮೈ ಉರಿಯೋದು. ಆ್ಯಕ್ಷನ್ ಅಂದ್ರೆ ರಾಡ್ ಎಲ್ಲಿ ಬಗ್ಗತ್ತೆ ಅನ್ನೋದು: ಫಾಸ್ಟ್ ಆದರೆ ಮೇಲಿನ ಮೂರನೇ ಒಂದು ಭಾಗದ ಸುತ್ತ, ಮಾಡರೇಟ್ ಆದರೆ ನಡುವಿನವರೆಗೂ. ಪವರ್ ಅಂದ್ರೆ ಬಗ್ಗಿಸೋಕೆ ಎಷ್ಟು ಬಲ ಬೇಕು ಅನ್ನೋದು. ಎರಡೂ ಬೇರೆ ಬೇರೆ. ಹೆವಿ ಫಾಸ್ಟ್ ರಾಡ್‌ನ ತುದಿಯೂ ಬಗ್ಗತ್ತೆ, ಆದರೆ 42 ಗ್ರಾಂಗೆ ಜೋತು ಬೀಳಲ್ಲ. ಹೊಸಬರಿಗೆ ಈ ಎರಡನ್ನ ಕಲಸಿ ಹೇಳಿದರೆ ಸುಮ್ಮನಾಗ್ತಾರೆ ಅಂತ ಅವರಿಗೆ ಗೊತ್ತು.

ಒಂದು ಮಾತು ಅವರ ಕಡೆಯಿಂದಲೂ ಹೇಳಬೇಕು: ಹೆವಿ, ಎಕ್ಸ್‌ಟ್ರಾ ಹೆವಿ ಅನ್ನೋದಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆ ಇಲ್ಲ. ಒಬ್ಬರ ಹೆವಿ ಇನ್ನೊಬ್ಬರ ಮೀಡಿಯಂ ಹೆವಿ ಆಗಬಹುದು. ಅದಕ್ಕೇ ಹೆಸರು ಬಿಟ್ಟು ಗ್ರಾಂ ನೋಡಬೇಕು. ಆದರೆ ಇಲ್ಲಿ ಗ್ರಾಂ ಅಂಕಿಯನ್ನೇ ಮುಚ್ಚಿದ್ದಾರಲ್ಲ!

ಸ್ಟಿಕ್ಕರ್ ಕಿತ್ತ ಫೋಟೋ ಕಳಿಸಿದೆ. ಒಂದು ದಿನ ಮೌನ. ಆಮೇಲೆ: “ಇಂಪೋರ್ಟ್ ಮಾಲಿಗೆಲ್ಲ ಸ್ಟಿಕ್ಕರ್ ಹಾಕ್ತೀವಿ ಸರ್, ಅದು ಕಾಮನ್.” ಆಮದುದಾರರ ಹೆಸರು ವಿಳಾಸ ಇರೋ ಸ್ಟಿಕ್ಕರ್ ಹಾಕೋದು ಕಾಮನ್. ಕೆಳಗಿನ ಅಂಕಿ ಕಾಣದ ಹಾಗೆ ಕಪ್ಪು ಪಟ್ಟಿ ಬಳಿದು ಮೇಲೆ ಬೇರೆ ಅಂಕಿ ಅಂಟಿಸೋದು ಯಾವ ಊರಿನ ಕಾಮನ್? ಹಾಗಂತ ಕೇಳಿದ್ದಕ್ಕೆ, “ನೀವು ಬ್ರೇಡ್ ಹಾಕಿದ್ದೀರಿ ಸರ್, ಬ್ರೇಡ್ ಹಾಕಿದರೆ ವಾರಂಟಿ ಇಲ್ಲ.” ಅವರ ಪುಟದಲ್ಲೇ 65 ಪೌಂಡ್ ಬ್ರೇಡ್ ಅಂತ ಇದೆ! ಅದರ ಸ್ಕ್ರೀನ್‌ಶಾಟ್ ಕಳಿಸಿದರೆ ಇನ್ನೂ ಚೆನ್ನಾಗಿರೋದು ಬಂತು: “ನೀವು ಹೈ ಸ್ಟಿಕಿಂಗ್ ಮಾಡಿದ್ದೀರಿ.”

ರಾಡ್ ಮುರಿದೇ ಇಲ್ಲ. ಮುರಿದಿದೆ ಅಂತ ಯಾರೂ ಹೇಳಿಲ್ಲ. ಬೇರೆ ರಾಡ್ ಕಳಿಸಿದ್ದೀರಿ ಅಂತ ದೂರು, ಅದಕ್ಕೆ ಹೈ ಸ್ಟಿಕಿಂಗ್ ಅಂತ ಉತ್ತರ. ಯಾವ ದೂರಿಗೂ ಕೊಡೋಕೆ ಬರೆದಿಟ್ಟ ಸಾಲು ಅದು. ಹೈ ಸ್ಟಿಕಿಂಗ್ ಅಂದ್ರೆ ಹತ್ತಿರ ಬಂದ ಮೀನನ್ನ ಎತ್ತುವಾಗ ರಾಡನ್ನ ನೆಟ್ಟಗೆ ತಲೆ ಹಿಂದಕ್ಕೆ ಒಯ್ಯೋದು. ಆಗ ಬುಡದ ಬಲ ಕೆಲಸಕ್ಕೆ ಬರಲ್ಲ, ಇಡೀ ಭಾರ ತೆಳು ತುದಿ ಮೇಲೆ ಬಿದ್ದು ಅಲ್ಲೇ ಮುರಿಯತ್ತೆ. ಅದು ನಿಜವಾದ ತಪ್ಪು ಬಳಕೆಯೇ. ಇಲ್ಲಿ ಅದಕ್ಕೆ ಏನು ಸಂಬಂಧ?

ಕೊನೆಗೆ “ಪ್ಯಾಕಿಂಗ್ ಓಪನ್ ಆಗಿದೆ, ರಿಟರ್ನ್ ಇಲ್ಲ ಸರ್.” ಓಪನ್ ಮಾಡದೆ ಸ್ಟಿಕ್ಕರ್ ಹೇಗೆ ಕಾಣತ್ತೆ ಸ್ವಾಮಿ?

ಸರಿ, ನೀವು ಏನು ಮಾಡಬೇಕು. ಹ್ಯಾಂಡಲ್ ಮೇಲಿನ ಬರಹದ ಹತ್ತಿರದ ಫೋಟೋ ಕೇಳಿ, ಪಕ್ಕದಿಂದ ಬೆಳಕು ಬಿದ್ದಿರಬೇಕು, ಸ್ಟಿಕ್ಕರ್ ಅಂಚು ಆಗ ಕಾಣತ್ತೆ. ಟೇಪ್ ಪಕ್ಕಕ್ಕಿಟ್ಟ ಫೋಟೋ ಕೇಳಿ. ಪಾರ್ಸೆಲ್ ಬಿಚ್ಚೋ ವಿಡಿಯೋ ಕಡಿತ ಇಲ್ಲದೆ ತೆಗೀರಿ, ಬರಹದ ಮೇಲೆ ಉಗುರು ಆಡಿಸೋದೂ ಅದರಲ್ಲೇ ಬರಲಿ. ರೀಲ್ ಹಾಕಬೇಡಿ, ಲೈನ್ ಪೋಣಿಸಬೇಡಿ, ಮೊದಲು ಅಳೀರಿ.

ಬಲ ಅಳೆಯೋಕೆ ಯಂತ್ರ ಬೇಡ. ಹ್ಯಾಂಡಲ್‌ನ ಮೇಜಿಗೆ ಕಟ್ಟಿ ರಾಡ್ ನೆಲಕ್ಕೆ ಸಮ ಇರೋ ಹಾಗೆ ಮಾಡಿ, ತುದಿಗೆ ಒಂದು ಚೀಲ ನೇತು ಹಾಕಿ ಸ್ವಲ್ಪ ಸ್ವಲ್ಪವೇ ನೀರು ತುಂಬಿಸಿ. ತುದಿ ರಾಡ್ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗಿಳಿದಾಗ ನಿಲ್ಲಿಸಿ, ಚೀಲ ತೂಗಿ. 7 ಅಡಿ 6 ಇಂಚಿನ ರಾಡ್‌ಗೆ ಆ ಇಳಿತ ಸುಮಾರು 76 ಸೆಂಟಿಮೀಟರ್. ಗೊತ್ತಿರೋ ಒಂದು ಒಳ್ಳೆ ಹೆವಿ ರಾಡ್ ಜೊತೆ ಹೋಲಿಸಿ ನೋಡಿ, ಸುಳ್ಳು ಅಲ್ಲೇ ಬಯಲಾಗತ್ತೆ. ಈ ಸ್ಟಿಕ್ಕರ್ ರಾಡ್ ಗೆಳೆಯನ ಅಸಲಿ ಹೆವಿಯ ಅರ್ಧ ತೂಕಕ್ಕೇ ಅಷ್ಟು ಇಳೀತು. ಇದರ ಫೋಟೋನೂ ಕಳಿಸಿದ್ದೆ. ಅದಕ್ಕೆ ಉತ್ತರವೇ ಇಲ್ಲ.

ಗೈಡ್‌ಗಳನ್ನ, ಅಂದ್ರೆ ರಾಡ್ ಉದ್ದಕ್ಕೂ ಲೈನ್ ಹಾದು ಹೋಗೋ ರಿಂಗ್‌ಗಳನ್ನ, ಒಂದೊಂದಾಗಿ ನೋಡಿ. ಹತ್ತಿಯನ್ನ ರಿಂಗ್ ಒಳಗೆ ತಿರುಗಿಸಿ. ಎಳೆ ಸಿಕ್ಕಿಕೊಂಡರೆ ಬಿರುಕಿದೆ, ಬ್ರೇಡ್ ಅಲ್ಲೇ ಸವೆದು ಹರಿಯತ್ತೆ. ಅಲ್ಯುಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ರಿಂಗ್ ಇರಲಿ, ಬರೀ ಲೋಹದ ಅಗ್ಗದ ರಿಂಗ್‌ಗೆ ಬ್ರೇಡ್ ಗೀರು ಹಾಕತ್ತೆ. ಬುಡದ ಕಡೆಯವು ಎರಡು ಕಾಲಿನವು ಆಗಿರಲಿ. ತೀರಾ ಸಣ್ಣ ಮೈಕ್ರೋ ಗೈಡ್ ಕಳೆಗೆ ಬೇಡ, ಲೈನ್ ಜೊತೆ ಬಂದ ಪಾಚಿ ಅದರಲ್ಲೇ ಕಚ್ಚಿಕೊಳ್ಳತ್ತೆ.

ಒಂದೇ ತುಂಡಿನ ರಾಡ್ ಸಿಕ್ಕರೆ ಅದೇ. ಸಾಗಿಸೋಕೆ ಆಗಲ್ಲ ಅಂದ್ರೆ ಜೋಡಣೆ ಹ್ಯಾಂಡಲ್ ಹತ್ತಿರ ಇರೋದು ತಗೊಳ್ಳಿ, ನಡುವಲ್ಲಿ ಜೋಡಣೆ ಇರೋದು ಬೇಡ. ಟೆಲಿಸ್ಕೋಪಿಕ್ ರಾಡ್ ಈ ಕೆಲಸಕ್ಕೆ ಬೇಡವೇ ಬೇಡ. ಬರೀ ಹೈ ಮಾಡ್ಯುಲಸ್ (ತುಂಬಾ ಬಿಗಿಯಾದ) ಕಾರ್ಬನ್ ಹಗುರ ಹೌದು, ಆದರೆ ದೋಣಿ ಅಂಚಿಗೆ, ಗುಂಡಿಗೆ ತಾಗಿ ಪೆಟ್ಟಾದರೆ ಮುಂದೊಂದು ದಿನ ಅದೇ ಜಾಗದಲ್ಲಿ ಚಟ್ ಅನ್ನತ್ತೆ.

ಉದ್ದ: ನಿಂತು ಹಿಡಿಯೋರಿಗೆ 7 ಅಡಿ 6 ಇಂಚು, ಕಯಾಕ್‌ನಲ್ಲಿ ಕೂತು ಹಿಡಿಯೋರಿಗೆ 7 ಅಡಿ 3 ಇಂಚಿನ ಸುತ್ತ ಸಾಕು. ಏಳೂವರೆ ಅಡಿ ಅನ್ನೋದು ಸುಮ್ಮನೆ ಬಂದದ್ದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೀ ಥಾಮಸ್ ಜೊಂಡಿನೊಳಗೆ ಉದ್ದುದ್ದ ಕೋಲಿಂದ ಲೂರ್ ಇಳಿಬಿಟ್ಟು ಬಾಸ್ ಹಿಡೀತಿದ್ದರು. ಸ್ಪರ್ಧೆಗಳಲ್ಲಿ ಕೋಲಿನ ಉದ್ದಕ್ಕೆ ಮಿತಿ ಬಂದ ಮೇಲೆ ಅದೇ ಕೆಲಸವನ್ನ ಏಳೂವರೆ ಅಡಿ ರಾಡ್‌ಗೆ ಒಗ್ಗಿಸಿಕೊಂಡರು, ಪಿಚಿಂಗ್‌ನ ಹತ್ತಿರದ ನಂಟಿನ ಫ್ಲಿಪ್ಪಿಂಗ್ ಅನ್ನೋ ವಿಧಾನ ಹುಟ್ಟಿದ್ದು ಹಾಗೆ. ಹ್ಯಾಂಡಲ್‌ನ ಹಿಂದಿನ ತುದಿ ಮೊಣಕೈ ಹತ್ತಿರ ಮುಗಿಯಲಿ. ಉದ್ದ ಜಾಸ್ತಿಯಾದರೆ ಪಿಚ್ ಮಾಡುವಾಗ ಪ್ರತಿಸಲ ಹೊಟ್ಟೆಗೆ ತಗಲತ್ತೆ.

ರೀಲ್ ಬಗ್ಗೆ ಹೆಚ್ಚು ಹೇಳಲ್ಲ: ಬೇಟ್‌ಕಾಸ್ಟರ್ (ರಾಡ್ ಮೇಲೆ ಕೂರೋ, ಸ್ಪೂಲ್ ಅಂದ್ರೆ ದಾರದ ಉರುಳೆ ತಾನೇ ತಿರುಗೋ ರೀಲ್), ಗೇರ್ ಅನುಪಾತ 7:1ಕ್ಕಿಂತ ಮೇಲೆ, 50ರಿಂದ 65 ಪೌಂಡ್ ಬ್ರೇಡ್. ಹುಕ್ ನೇರ ಕಾಲಿನದು, 4/0 ಅಥವಾ 5/0 ಅಳತೆ, ಸ್ನೆಲ್ ಗಂಟು (ಹುಕ್‌ನ ಕಾಲಿಗೇ ದಾರ ಸುತ್ತಿ ಹಾಕೋ ಗಂಟು). ಗುಂಡು ಜಾರದ ಹಾಗೆ ಮೇಲೆ ರಬ್ಬರ್ ಸ್ಟಾಪರ್ ಹಾಕದಿದ್ದರೆ ಗುಂಡು ಮಾತ್ರ ಕೆಳಗೆ ಹೋಗತ್ತೆ, ಲೂರ್ ಹಾಸಿನ ಮೇಲೇ ಕೂತಿರತ್ತೆ. ಕಳೆಯಲ್ಲಿ ಸಿಕ್ಕಿಕೊಂಡರೆ ರಾಡ್ ಬಗ್ಗಿಸಿ ಜಗ್ಗಬೇಡಿ, ರಾಡನ್ನ ಲೈನ್ ದಿಕ್ಕಿಗೆ ನೇರ ಹಿಡಿದು, ಸ್ಪೂಲ್ ಒತ್ತಿ ಹಿಂದೆ ಸರೀರಿ. ಭಾರ ದಾರದ ಮೇಲೆ ಬೀಳಲಿ.

ದುಡ್ಡು ವಾಪಸ್ ಬಂದಿಲ್ಲ. ಪಾವತಿ ಮಾಡಿದ ಕಡೆ ದೂರು ಕೊಟ್ಟಾಗಿದೆ, ಸ್ಟಿಕ್ಕರ್ ಅಂಟಿಸಿದ್ದ ಹಾಗೇ ಒಂದು ಹಾಳೆ ಮೇಲೆ ಇಟ್ಟಿದ್ದೀನಿ. ಆ ಪುಟ ಇನ್ನೂ ಹಾಗೇ ಇದೆ. ಹೆವಿ ಅಂತಿದ್ದಿದ್ದು ಈಗ ‘ಎಕ್ಸ್‌ಟ್ರಾ ಹೆವಿ’ ಆಗಿದೆ, 56 ಗ್ರಾಂ ಇದ್ದದ್ದು 84 ಆಗಿದೆ, ಫೋಟೋ ಮಾತ್ರ ಅದೇ ರಾಡ್‌ದು. ಗುರುತು ಹೇಳ್ತೀನಿ: ಕಪ್ಪು ಬ್ಲ್ಯಾಂಕ್ (ರಾಡ್‌ನ ಕೋಲು), ಹಸಿರು ದಾರ ಸುತ್ತಿದ ಗೈಡ್‌ಗಳು, ಹ್ಯಾಂಡಲ್ ಮೇಲೆ ಎರಡು ಬೆರಳು ಅಗಲದ ಕಪ್ಪು ಪಟ್ಟಿ. ಆ ಪಟ್ಟಿ ಕಂಡ್ರೆ ಉಗುರು ಹಾಕಿ.