ಪೋಲೋ ಜಿಟಿಗೆ 25 ಸಾವಿರದೊಳಗೆ ನಾಕು ಟೈರು, ಅದೂ ಬಳ್ಳಾರಿ ರೋಡಿಗೆ

ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ತಗೊಳ್ಳೋರು ಇಂಜಿನ್ ನೋಡ್ತಾರೆ, ಗೇರ್‌ಬಾಕ್ಸ್ ನೋಡ್ತಾರೆ, ಟೈರ್ ಕಡೆ ಕಣ್ಣೇ ಹಾಯಿಸಲ್ಲ, ಆಮೇಲೆ ನಾಕೂ ಒಟ್ಟಿಗೆ ಬಟನ್ (ರೋಡಿಗೆ ತಾಗೋ ಗೆರೆ ಇರೋ ರಬ್ಬರ್) ಹೋದಾಗ ತಲೆ ಮೇಲೆ ಕೈ ಹೊತ್ಕೊಂಡು ಕೂಡ್ತಾರೆ. ನನ್ನ ಗಾಡಿ ಟೈರೂ ಮುಗಿದಿತ್ತು, ಬಟನ್ ಗೆರೆ ನಡುವೆ ಒಂದು ಸಣ್ಣ ಉಬ್ಬು ಇರ್ತೈತಲ್ಲ, ಅದ್ರ ಮಟ್ಟಕ್ಕೆ ಬಂದಿತ್ತು, ಅಂದ್ರೆ ಗೆರೆ ಆಳ ಬರೀ 1.6 ಮಿಲಿಮೀಟರ್, ಹೊಸ ಟೈರ್‌ನಲ್ಲಿ ಅದು 8ರ ಹತ್ರ ಇರ್ತೈತಿ. ಪೋರ್ಷೆ ಇಟ್ಕೊಂಡೋರು ನಗ್ಲಿ ಬಿಡ್ರಿ, ನಮ್ಮ ಕೈಗೆ ಎಟಕೋ ಸ್ಪೋರ್ಟ್ಸ್ ಕಾರ್ ಇದೇ. 1.2 ಲೀಟರ್ ಟರ್ಬೋ, 105 ಎಚ್‌ಪಿ, 175 ಎನ್‌ಎಂ ಟಾರ್ಕು, ಅಷ್ಟೂ ಮುಂದಿನ ಎರಡು ಚಕ್ರಕ್ಕೆ. ಟೈರ್ ನುಣ್ಣಗಾಗಿದ್ರೆ ಸಿಗ್ನಲ್‌ನಲ್ಲಿ ಸ್ವಲ್ಪ ಜೋರಾಗಿ ಒತ್ತಿದ್ರೂ ಚಕ್ರ ನಿಂತಲ್ಲೇ ತಿರುಗ್ತೈತಿ, ನೋಡೋರಿಗೆ ಮಜಾ, ಓಡಿಸೋನಿಗೆ ಅಲ್ಲ.

ಬಜೆಟ್ 25 ಸಾವಿರ, ಫಿಟಿಂಗು, ಬ್ಯಾಲೆನ್ಸಿಂಗು, ಅಲೈನ್‌ಮೆಂಟ್ ಎಲ್ಲಾ ಸೇರಿ. ಏನು ತಗೊಂಡೆ ಅನ್ನೋದು ಮೊದ್ಲೇ ಹೇಳ್ತೀನಿ: ನಮ್ಮ ದೇಶದ್ದೇ ಕಂಪನಿ, 195/60 ಆರ್15, 88ಎಚ್. 195 ಅಂದ್ರೆ ಅಗಲ ಮಿಲಿಮೀಟರಲ್ಲಿ, 15 ಅಂದ್ರೆ ರಿಮ್ ಇಂಚಲ್ಲಿ, ಮಿಕ್ಕಿದ್ದು ಮುಂದೆ ಹೇಳ್ತೀನಿ. ಕಂಪನಿ ಹೆಸರು ಬೇಕಂತ್ಲೇ ಬರೀತಿಲ್ಲ, ಬರೆದ್ರೆ ಮಿಕ್ಕಿದ್ದು ಓದದೇ ಸೀದಾ ಹೋಗಿ ಅದನ್ನೇ ಕೇಳ್ತೀರಿ. ನನ್ನ ಪ್ರಕಾರ ಈ ಊರಲ್ಲಿ ಟೈರ್ ಆರಿಸೋವಾಗ ಹೆಸರು ಕೊನೆಗೆ ಬರ್ಬೇಕು. ಮೊದ್ಲು ಸೈಡ್‌ವಾಲ್ ಎತ್ತರ (ರಿಮ್ಮಿಂದ ರೋಡಿನವರ್ಗೂ ಇರೋ ಟೈರಿನ ಪಕ್ಕ), ಆಮೇಲೆ ತಯಾರಾದ ತಾರೀಖು, ಆಮೇಲೆ ಸ್ಪೀಡ್ ರೇಟಿಂಗು, ಅದಾದ್ಮೇಲೆ ಯಾವ ಕಂಪನಿ ಬೇಕಾದ್ರೂ ನೋಡ್ರಿ.

ಸೈಡ್‌ವಾಲ್ ಯಾಕೆ ಮೊದ್ಲು ಅಂತ ಕೇಳೋರು ಒಂದ್ಸಲ ತೋರಣಗಲ್ಲು ದಾಟಿ ಸಂಡೂರು ಕಡೆ ತಿರುಗಿ ನೋಡ್ರಿ. ರೋಡಿನ ಬಣ್ಣನೇ ಬದಲಾಗ್ತೈತಿ, ಅದಿರು ಲಾರಿ ಹೋಗಿ ಹೋಗಿ ಅಂಚೆಲ್ಲ ಕಿತ್ತಿರ್ತೈತಿ, ಟಾರ್ಪಲ್ ಸರಿಯಾಗಿ ಕಟ್ಟದ ಲಾರಿಯಿಂದ ಬಿದ್ದ ಕಲ್ಲು ಅಲ್ಲಲ್ಲಿ ಇರ್ತಾವೆ. ಅದು ಜಲ್ಲಿ ಕಲ್ಲಲ್ಲ, ಕಬ್ಬಿಣದ ಅದಿರು, ಒಂದು ಮುಷ್ಟಿ ಗಾತ್ರದ್ದು ಎತ್ತಿದ್ರೇನೇ ಗೊತ್ತಾಗ್ತೈತಿ ಎಷ್ಟು ಭಾರ ಅಂತ, ಅಂಚು ಬೇರೆ ಚೂಪು. ಬಟನ್ ಮೇಲೆ ಹತ್ತಿದ್ರೆ ಪಂಕ್ಚರ್ ಹಾಕಿಸ್ಬೋದು, ಸೈಡಿಗೆ ಕುಯ್ದ್ರೆ ಆ ಟೈರ್ ಕಥೆ ಮುಗೀತು, ಪ್ಯಾಚ್ ಹಾಕಂಗಿಲ್ಲ.

ಆದ್ರೆ ನನ್ನ ದೋಸ್ತ್ ಒಬ್ಬ ಇದಾನೆ, ಅವನ್ದು ಒಂದೇ ಮಂತ್ರ: "17 ಇಂಚ್ ಅಲಾಯ್ ಹಾಕ್ಸಲೇ, ಗಾಡಿ ಲುಕ್ಕೇ ಬೇರೆ ಬರ್ತೈತಿ". ಲುಕ್ ಬರ್ತೈತಿ, ಇಲ್ಲ ಅನ್ನಲ್ಲ. ಲೆಕ್ಕ ಹಾಕಿ ನೋಡ್ರಿ ಮತ್ತೆ. ನನ್ನ ಗಾಡಿಗೆ ಕಾರ್ ಕಂಪನಿ ಕೊಟ್ಟ ಸೈಜ್ 185/60 ಆರ್15, 185ರಲ್ಲಿ ನೂರಕ್ಕೆ 60, ಅಂದ್ರೆ ಸೈಡ್‌ವಾಲ್ 111 ಮಿಲಿಮೀಟರ್. ಅವನು ಹೇಳೋ 205/40 ಆರ್17 ಹಾಕಿದ್ರೆ 82 ಮಿಲಿಮೀಟರ್. ರಿಮ್ಮಿಗೂ ರೋಡಿಗೂ ನಡುವೆ ನಾಕು ಬೆರಳು ರಬ್ಬರ್ ಇಟ್ಕೊಂಡು ಕುಡತಿನಿ ರೋಡಲ್ಲಿ ರಾತ್ರಿ ಓಡಿಸೋ ಧೈರ್ಯ ನನಗಿಲ್ಲ. ನಾನು ತಗೊಂಡ 195/60ರಲ್ಲಿ 117 ಬರ್ತೈತಿ. ಪೂರ್ತಿ ಚಕ್ರದ ಎತ್ತರ 603ರಿಂದ 615 ಆಯ್ತು, ಬರೀ ನೂರಕ್ಕೆ ಎರಡು ಜಾಸ್ತಿ, ಮೀಟರ್ 100 ತೋರಿಸಿದಾಗ ಮೊದ್ಲಿಗಿಂತ ಎರಡು ಕಿಲೋಮೀಟರ್ ಜಾಸ್ತಿ ಓಡ್ತಿರ್ತೈತಿ, ಕಂಪನಿಯೋರು ಮೀಟರನ್ನ ಹೆಂಗೂ ಸ್ವಲ್ಪ ಜಾಸ್ತಿನೇ ತೋರಿಸೋ ಹಂಗೆ ಇಟ್ಟಿರ್ತಾರೆ, ಹಂಗಾಗಿ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ. ರಿಮ್ ಅದೇ, ಚಕ್ರ ಎಲ್ಲೂ ತಾಗಲ್ಲ, ಹಂಪ್ ಹತ್ತೋವಾಗ ಹೊಟ್ಟೆ ಉಜ್ಜೋದೂ ಒಂಚೂರು ಕಮ್ಮಿ. ಅಲಾಯ್‌ಗೆ ಹಾಕೋ ದುಡ್ಡು ಉಳೀತಲ್ಲ, ಬಜೆಟ್ ಉಳಿದಿದ್ದೇ ಅಲ್ಲಿ.

ತಾರೀಖಿನ ವಿಷಯಕ್ಕೆ ಬರೋಣ, ಇದ್ರಲ್ಲೇ ಜಾಸ್ತಿ ಜನಕ್ಕೆ ಟೋಪಿ ಬೀಳೋದು. ಟೈರ್ ಪಕ್ಕದಲ್ಲಿ ಡಿಒಟಿ ಅಂತ ಬರೆದು ಉದ್ದಕ್ಕೆ ಅಕ್ಷರ ಇರ್ತಾವೆ, ಕೊನೇ ನಾಕು ಅಂಕಿ ಒಂದು ಮೊಟ್ಟೆ ಆಕಾರದ ಗೆರೆ ಒಳಗೆ. 3723 ಅಂದ್ರೆ 2023ನೇ ಇಸ್ವಿ 37ನೇ ವಾರ. ಎಷ್ಟೋ ಟೈರ್‌ನಲ್ಲಿ ಆ ನಾಕು ಅಂಕಿ ಒಂದೇ ಪಕ್ಕ ಇರ್ತಾವೆ, ಫಿಟ್ ಮಾಡೋವಾಗ ಆ ಪಕ್ಕ ಒಳಗೆ ಹೋದ್ರೆ ನೀವು ಗಾಡಿ ಕೆಳಗೆ ಮಲಗಿನೇ ನೋಡ್ಬೇಕು, ಅದಕ್ಕೇ ರಿಮ್ಮಿಗೆ ಹಾಕೋ ಮುಂಚೆ ನೋಡ್ರಿ ಅನ್ನೋದು. ಊರೊಳಗಿನ ಒಂದು ಅಂಗಡಿಯಲ್ಲಿ ರೇಟ್ ಬಾಳ ಕಮ್ಮಿ ಹೇಳಿದ್ರು, ಒಂದು ಟೈರ್‌ಗೆ ಹೆಚ್ಚುಕಮ್ಮಿ ಎಂಟುನೂರು ರೂಪಾಯಿ ಕಮ್ಮಿ, ನಂಗೂ ಆಸೆ ಆಯ್ತು, ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ಎರಡು ಟೈರ್ ಒಂದು ವರ್ಷದ್ದು, ಇನ್ನೆರಡು ಟೈರ್ ಮೂರು ವರ್ಷ ಹಿಂದಿಂದು. "ಗೋಡೌನಲ್ಲೇ ಇತ್ತು ಸರ್, ರೋಡೇ ನೋಡಿಲ್ಲ, ಹೊಸದೇ" ಅಂದ್ರು. ಗೋಡೌನ್ ಅಂದ್ರೆ ಅಂಗಡಿ ಮೇಲಿನ ತಗಡಿನ ಶೆಡ್ಡು. ಏಪ್ರಿಲ್ ಮೇ ತಿಂಗಳು ಬಳ್ಳಾರಿಯಲ್ಲಿ 40 ಡಿಗ್ರಿ ದಾಟಿದಾಗ ತಗಡಿನ ಕೆಳಗೆ ರಬ್ಬರ್ ಏನಾಗ್ತಿರ್ತೈತಿ ಅಂತ ನೀವೇ ಯೋಚಿಸ್ರಿ. ನಮಸ್ಕಾರ ಹೇಳಿ ಬಂದೆ.

ಸೆಕೆಂಡ್ ಹ್ಯಾಂಡ್ ಟೈರ್ ಬಗ್ಗೆನೂ ಒಂದ್ಮಾತು. ಹೊರದೇಶದ ಕಂಪನಿ ಹೆಸರು ಇರೋ ಹಳೇ ಟೈರು ಕರಿ ಪಾಲಿಶ್ ಹೊಡೆದು ಸಾಲಾಗಿ ನಿಲ್ಲಿಸಿರ್ತಾರೆ, ಫಳಫಳ ಹೊಳೀತಿರ್ತಾವೆ, ಅರ್ಧ ರೇಟು. ಕೆಲವಕ್ಕೆ ಬ್ಲೇಡಲ್ಲಿ ಸವೆದ ಗೆರೆ ಮತ್ತೆ ಕೊರೆದಿರ್ತಾರೆ. ಲಾರಿ ಟೈರ್ ರೀಸೋಲ್ ಮಾಡಿಸೋದು (ಮೇಲೆ ಹೊಸ ರಬ್ಬರ್ ಕೂರಿಸೋದು) ಬೇರೆ ವಿಷಯ, ಅವನ್ನ ಮೊದಲಿಂದ್ಲೇ ಹಂಗೆ ಮಾಡಿರ್ತಾರೆ, ದಪ್ಪನಾ ಇರ್ತಾವೆ. ಕಾರಿನ ಟೈರ್ ಕೊರೆದ್ರೆ ಒಳಗಿನ ನೂಲಿಗೆ ಹತ್ರ ಹೋದಂಗೆ. 120ರಲ್ಲಿ ಹೋಗೋ ಗಾಡಿಗೆ ಇದು ಬೇಡವೇ ಬೇಡ.

ಹೊರದೇಶದ ಟೈರ್ ಯಾಕೆ ಇಷ್ಟು ದುಬಾರಿ, ಕೆಲವು ಸೈಜ್ ಯಾಕೆ ಸಿಗಲ್ಲ ಅಂತ ಕೇಳೋರಿಗೆ: 2020ರ ಜೂನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದನ್ನ ಯಾರು ಬೇಕಾದ್ರೂ ಮಾಡ್ಬೋದು ಅನ್ನೋದು ತೆಗೆದು ಲೈಸೆನ್ಸ್ ಇದ್ರೆ ಮಾತ್ರ ಅಂತ ಮಾಡ್ತು. ಇನ್ನೊಂದು ಕಡೆ ಖುಷಿ ಸುದ್ದಿನೂ ಐತಿ, 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದೈತಿ. ತೆರಿಗೆ ಬಿಟ್ಟು 5000 ರೂಪಾಯಿ ಇರೋ ಟೈರು ಮೊದ್ಲು 6400 ಆಗ್ತಿತ್ತು, ಈಗ 5900, ನಾಕಕ್ಕೆ ಎರಡು ಸಾವಿರ ಉಳೀತೈತಿ, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ ಖರ್ಚು ಅದ್ರಲ್ಲೇ ಹೋಯ್ತು. ಹಳೇ ಎಂಆರ್‌ಪಿ ಸ್ಟಿಕ್ಕರ್ ತೋರಿಸಿ ಮಾತಾಡಿದ್ರೆ ಬಿಲ್‌ನಲ್ಲಿ ತೆರಿಗೆ ಎಷ್ಟು ಹಾಕ್ತೀರಿ ಅಂತ ಒಂದೇ ಪ್ರಶ್ನೆ ಕೇಳ್ರಿ ಸಾಕು.

ಸ್ಪೀಡ್ ರೇಟಿಂಗ್ ಅಂದ್ರೆ ಸೈಜ್ ಆದ್ಮೇಲೆ ಬರೋ ಅಕ್ಷರ. ಟಿ ಅಂದ್ರೆ ಗಂಟೆಗೆ 190 ಕಿಲೋಮೀಟರ್, ಎಚ್ ಅಂದ್ರೆ 210, ವಿ ಅಂದ್ರೆ 240. "190ರಲ್ಲಿ ಯಾರಪ್ಪ ಹೋಗ್ತಾರೆ, ಟಿ ಸಾಕು" ಅಂತ ಒಬ್ರು ಹೇಳಿದ್ರು. ನಾನೂ ಅಷ್ಟು ಸ್ಪೀಡಲ್ಲಿ ಹೋಗಲ್ಲ ರೀ, ಹಿರಿಯೂರು ರೋಡಲ್ಲಿ ಎಮ್ಮೆ ಅಡ್ಡ ಬರೋದು ಯಾವಾಗ ಅಂತ ಗೊತ್ತಿರಲ್ಲ. ಆದ್ರೆ ಆ ಅಕ್ಷರ ಬರೀ ಸ್ಪೀಡಿಗಲ್ಲ, ಟೈರ್ ಎಷ್ಟು ಕಾವು ತಡಕೊಳ್ತೈತಿ ಅನ್ನೋದಕ್ಕೂ ಅದೇ ಲೆಕ್ಕ. ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ನಾಕು ಜನ, ಲಗೇಜು, ಚಳ್ಳಕೆರೆ ಕಡೆ ನೆಟ್ಟಗೆ ರೋಡು ಅಂದಾಗ ಆ ಕಾವಿನ ಲೆಕ್ಕ ಬೇಕಾಗ್ತೈತಿ. 88 ಅಂದ್ರೆ ಒಂದು ಟೈರ್ 560 ಕಿಲೋ ಹೊರತೈತಿ ಅಂತ, ಅದೂ ನೋಡ್ಕೊಳ್ರಿ. ಟ್ರೆಡ್‌ವೇರ್ ಅಂತ ಇನ್ನೊಂದು ನಂಬರ್ ಇರ್ತೈತಿ, 300ರ ಹತ್ರ ಇದ್ರೆ ಮೆತ್ತಗೆ, ಹಿಡಿತ ಜಾಸ್ತಿ, ಬೇಗ ಸವೀತೈತಿ, 400 ದಾಟಿದ್ರೆ ಬಾಳಿಕೆ ಜಾಸ್ತಿ. ಅದನ್ನ ಕಂಪನಿಯೋರೇ ಪರೀಕ್ಷೆ ಮಾಡಿ ಹಾಕೋದು, ಹಂಗಾಗಿ ಒಂದೇ ಕಂಪನಿ ಎರಡು ಟೈರ್ ತೂಗಿ ನೋಡೋಕೆ ಓಕೆ, ಇದಕ್ಕೂ ಅದಕ್ಕೂ ಹೋಲಿಸೋಕೆ ಅಷ್ಟು ನಂಬಂಗಿಲ್ಲ. ನಾನು 400ರ ಆಚೆದು ತಗೊಂಡೆ, ದಿನಾ ಓಡಿಸೋ ಗಾಡಿ ಇದು.

ಕಂಪನಿ ವಿಷಯದಲ್ಲಿ ಅಪ್ಪಂದು ಬೇರೆ ಹಠ. ಅವರಿಗೆ ಜೆಕೆ ಟೈರ್ ಅಂದ್ರೆ ಗುರುತಾಗಲ್ಲ, ವಿಕ್ರಾಂತ್ ಅಂದ್ರೆ ಗುರುತು, ಮೈಸೂರಿನ ಆ ವಿಕ್ರಾಂತ್ ಫ್ಯಾಕ್ಟರಿನ ಜೆಕೆಯೋರು 1997ರಲ್ಲೇ ತಗೊಂಡ್ರು ಅಂದ್ರೆ "ಹಂಗಾದ್ರೆ ಅದನ್ನೇ ಹಾಕ್ಸು" ಅಂದ್ರು. ಎಂಆರ್‌ಎಫ್, ಅಪೋಲೋ, ಸಿಯೆಟ್, ಜೆಕೆ ನಾಕರಲ್ಲೂ ಈ ಬಜೆಟ್ಟಿಗೆ ಟೈರ್ ಅದಾವೆ. ಮಿಶೆಲಿನ್, ಕಾಂಟಿನೆಂಟಲ್ ಮೆತ್ತಗೆ, ಸದ್ದಿಲ್ಲದೆ ಓಡ್ತಾವೆ ಅಂತ ಹೆಸರು, ನಾನು ಕೇಳಿದ ಕಡೆಯಲ್ಲೆಲ್ಲ ನಾಕಕ್ಕೆ 30 ಸಾವಿರ ದಾಟಿತ್ತು. ಇದ್ರೆ ಹಾಕಿಸ್ರಿ, ನಂಗೇನೂ ಹೊಟ್ಟೆಕಿಚ್ಚಿಲ್ಲ.

ಕೊನೆಗೆ ಹೊಸಪೇಟೆ ರೋಡ್ ಕಡೆ ಒಂದು ಹಳೇ ಟೈರ್ ಅಂಗಡಿ, ಬೋರ್ಡ್ ಬಣ್ಣ ಎಲ್ಲ ಮಾಸಿರೋದು, ಅಲ್ಲಿ ತಗೊಂಡೆ. ಯಜಮಾನ್ರು ಅರವತ್ತರ ಹತ್ರ ಇರ್ಬೋದು, ಮೊದಲೆಲ್ಲ ಲಾರಿ ಟೈರೇ ಮಾಡ್ತಿದ್ರಂತೆ. ನಾನು ಕೇಳೋ ಮುಂಚೆನೇ ನಾಕೂ ಟೈರ್ ಉರುಳಿಸ್ಕೊಂಡು ಬಂದು "ತಾರೀಖು ನೋಡ್ಕೊ ತಮ್ಮಾ, ಆಮೇಲೆ ಮಾತಾಡೋಣ" ಅಂದ್ರು. ನಾಕೂ ಒಂದೇ ತಿಂಗಳಿಂದು, ಆರು ತಿಂಗಳೂ ಆಗಿರ್ಲಿಲ್ಲ. ಅಲ್ಲೇ ಮನಸ್ಸು ಅರ್ಧ ಗೆದ್ರು.

ಒಂದ್ಸಲ ದುಡ್ಡು ಸಾಲದೇ ಎರಡೇ ಹಾಕಿಸೋದಾದ್ರೆ ಎಲ್ಲಿ ಹಾಕ್ಬೇಕು ಅಣ್ಣಾ ಅಂತ ಸುಮ್ನೆ ಪರೀಕ್ಷೆಗೆ ಕೇಳಿದೆ. ಬೇರೆ ಅಂಗಡಿಯಲ್ಲೆಲ್ಲ ಮುಂದಕ್ಕೆ ಅಂತಾನೇ ಹೇಳಿದ್ರು, ಇಂಜಿನ್ ಮುಂದೆ ಎಳೀತೈತಲ್ಲ ಅಂತ. ಇವ್ರು "ಹಿಂದಕ್ಕೆ" ಅಂದ್ರು. ಸರಿ ಉತ್ತರ ಅದೇ. ಮುಂದೆ ಜಾರಿದ್ರೆ ಗಾಡಿ ನೆಟ್ಟಗೆ ಹೋಗ್ತೈತಿ, ಕಾಲು ತೆಗೆದ್ರೆ ಹಿಡಿತಕ್ಕೆ ಬರ್ತೈತಿ, ಮಳೆಯಲ್ಲಿ ಹಿಂದೆ ಜಾರಿದ್ರೆ ಗಾಡಿ ಗಿರ್ ಅಂತ ತಿರುಗ್ತೈತಿ, ಆಗ ನಮ್ಮಂಥೋರ ಕೈಲಿ ಏನೂ ಇರಲ್ಲ.

ಫಿಟಿಂಗ್ ಮಾಡಿದ ಹುಡುಗ ಒಳ್ಳೇ ಕೆಲಸಗಾರ. ಫೋಕ್ಸ್‌ವ್ಯಾಗನ್‌ನಲ್ಲಿ ನಟ್ ಇರಲ್ಲ, ಬೋಲ್ಟ್ ಇರ್ತಾವೆ, ಚಕ್ರ ಎತ್ತಿ ಹಿಡಿದು ತೂತಿಗೆ ತೂತು ಕೂಡಿಸಿ ಬೋಲ್ಟ್ ಹಾಕ್ಬೇಕು, ಸ್ವಲ್ಪ ತಾಳ್ಮೆ ಬೇಕು. ಎಷ್ಟೋ ಕಡೆ ಸೀದಾ ಬೋಲ್ಟ್ ತಿರುಗಿಸೋ ಗನ್ ಇಟ್ಟು ಗರ್ ಅನ್ನಿಸ್ತಾರೆ, ಥ್ರೆಡ್ ಹೋದ್ರೆ ಚಕ್ರ ಕೂರೋ ಹಬ್‌ಗೇ ಕೈ ಹಾಕ್ಬೇಕು. ಈ ಹುಡುಗ ಐದೂ ಬೋಲ್ಟ್ ಮೊದ್ಲು ಬೆರಳಲ್ಲೇ ತಿರುಗಿಸಿ ಕೂಡಿಸಿದ, ಆಮೇಲೆ ಗಾಡಿ ಕೆಳಗಿಳಿಸಿ, ಎಷ್ಟು ಬಿಗಿ ಅಂತ ಅಳೆಯೋ ಟಾರ್ಕ್ ರೆಂಚಲ್ಲಿ 120 ಎನ್‌ಎಂಗೆ ಟಕ್ ಅನ್ನಿಸಿದ. ಬಳ್ಳಾರಿಯಲ್ಲಿ ಟಾರ್ಕ್ ರೆಂಚ್ ಇರೋ ಟೈರ್ ಅಂಗಡಿ ನೋಡಿ ನಂಗೇ ಆಶ್ಚರ್ಯ ಆಯ್ತು. ನಾಕು ವಾಲ್ವೂ ಹೊಸದು ಹಾಕಿದ. ನೈಟ್ರೋಜನ್ ಬೇಕಾ ಅಂದ, ಬೇಡ ಅಂದೆ, ನಾವು ಉಸಿರಾಡೋ ಗಾಳೀಲೇ ನೂರಕ್ಕೆ 78 ನೈಟ್ರೋಜನ್ ಐತಿ, ಒತ್ತಾಯ ಮಾಡ್ಲಿಲ್ಲ.

ಗಾಳಿ ಅಂದಾಗ ನೆನಪಾಯ್ತು, ಬೇಸಿಗೇಲಿ ಟೈರ್ ಸಿಡೀತೈತಿ ಅಂತ ಹೆದರಿ ಗಾಳಿ ಕಮ್ಮಿ ಇಡೋ ಅಭ್ಯಾಸ ನಮ್ಮ ಕಡೆ ಬಾಳ ಐತಿ. ಉಲ್ಟಾ ಅದು. ಗಾಳಿ ಕಮ್ಮಿ ಇದ್ರೆ ಸೈಡ್‌ವಾಲ್ ಜಾಸ್ತಿ ಮಡಚಿ ಮಡಚಿ ಏಳ್ತೈತಿ, ಕಾವೇರ್ತೈತಿ, ಸಿಡಿಯೋದೇ ಅದಕ್ಕೆ. ಪೆಟ್ರೋಲ್ ಹಾಕೋ ಮುಚ್ಚಳದ ಒಳಗೆ ಸ್ಟಿಕ್ಕರ್ ಐತಿ, ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ಟೈರ್ ತಣ್ಣಗಿದ್ದಾಗ ಅಷ್ಟು ಇರ್ಬೇಕು. ಹೈವೇ ಓಡ್ಸಿದ್ಮೇಲೆ ನಾಕೈದು ಪಾಯಿಂಟ್ ಜಾಸ್ತಿ ತೋರಿಸ್ತೈತಿ, ಬಿಡ್ರಿ, ಅದನ್ನ ತೆಗೆಸ್ಬೇಡ್ರಿ.

ಓಡಿಸಿದ್ರೆ ಹೆಂಗೈತಿ? ಮೊದಲು ಕೆಲವು ನೂರು ಕಿಲೋಮೀಟರ್ ಹಗುರವಾಗಿ ಓಡ್ಸಿದೆ, ಅಚ್ಚಿನಿಂದ ಬಿಡಿಸೋಕೆ ಹಚ್ಚಿದ ಜಿಡ್ಡು ಹೋಗೋವರ್ಗೂ ಹೊಸ ಟೈರ್ ಜಾರ್ತೈತಿ. ಆಮೇಲೆ ಸಂಡೂರು ಕಡೆ ಹೋದೆ, ನಾರಿಹಳ್ಳ ಡ್ಯಾಂ ಹತ್ರ ತಿರುವುಗಳಲ್ಲಿ ಗಾಡಿ ಗೆರೆ ಎಳೆದಂಗೆ ಹೋಗ್ತೈತಿ. ಸ್ಟೇರಿಂಗ್ ತಿರುಗಿಸಿದ ಕೂಡ್ಲೇ ತಟ್ಟಂತ ಸ್ಪಂದಿಸೋದು ಕಂಪನಿ ಸೈಜಿಗಿಂತ ಒಂದು ಕೂದಲೆಳೆ ಕಮ್ಮಿ, ಸೈಡ್‌ವಾಲ್ ಎತ್ತರ ಆದ್ರೆ ಹಂಗೇ, ಗೊತ್ತಿದ್ದೇ ತಗೊಂಡಿದ್ದು. 80 ದಾಟಿದ್ಮೇಲೆ ಸಣ್ಣ ಗುಂಯ್ ಸದ್ದು ಐತಿ, ಒಳ್ಳೇ ಟಾರ್ ಮೇಲೆ ಅದೂ ಇಲ್ಲ. ನಿಜವಾದ ಪರೀಕ್ಷೆ ಆಗಿದ್ದು ಮೊದಲನೇ ಮಳೆಗೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಊರು ಇದು, ತಿಂಗಳಾನುಗಟ್ಟಲೆ ರೋಡ್ ಮೇಲೆ ಧೂಳು, ಅದಿರಿನ ಪುಡಿ, ಡೀಸೆಲ್ ಕೂತಿರ್ತಾವೆ, ಮೊದಲ ಹತ್ತು ನಿಮಿಷದ ಹನಿಗೆ ಎಲ್ಲಾ ಕೆಂಪು ಕೆಸರಾಗ್ತೈತಿ. ಕುಡತಿನಿ ಹತ್ರ ಮುಂದಿನ ಟಿಪ್ಪರ್ ದಿಢೀರ್ ಬ್ರೇಕ್ ಹಾಕಿದ, ನಾನೂ ಒತ್ತಿದೆ, ಚಕ್ರ ಲಾಕ್ ಆಗದಂಗೆ ತಡೆಯೋ ಎಬಿಎಸ್ ಎರಡು ಸಲ ಕಾಲಿಗೆ ಗುದ್ದಿತು, ಗಾಡಿ ಲೈನ್ ಬಿಡ್ದೇ ನಿಂತ್ಕೊಂತು. ಹಳೇ ಟೈರಾಗಿದ್ರೆ ಟಿಪ್ಪರ್ ನಂಬರ್ ಪ್ಲೇಟ್ ಬಾನೆಟ್ ಮೇಲೆ ಇರ್ತಿತ್ತು.

ಅಂಗಡಿಗೆ 5ಕ್ಕೆ 4. ಒಂದು ಕಟ್ ಮಾಡಿದ್ದು ಯಾಕಂದ್ರೆ ಅಲೈನ್‌ಮೆಂಟ್ ಮಶಿನ್ ಒಂದೇ, ಶನಿವಾರ ಹೋದ್ರೆ ಮುಗೀತು, ಎದುರಿನ ಬಂಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಟೀ ಕುಡಿದು ಬಂದ್ರೂ ನಮ್ಮ ಪಾಳಿ ಬಂದಿರಲ್ಲ. ವಾರದ ಮಧ್ಯೆ ಬೆಳಿಗ್ಗೆನೇ ಹೋಗ್ರಿ. ಬಿಲ್ ಮೇಲೆ ನಾಕೂ ಟೈರ್ ನಂಬರ್ ಬರೆಸ್ಕೊಳ್ರಿ, ವಾರಂಟಿ ಕೇಳೋಕೆ ಅದು ಬೇಕು, ಕಲ್ಲಿಗೆ ಕುಯ್ದಿದ್ದು ಮಾತ್ರ ಮಾಮೂಲಿ ವಾರಂಟಿಯಲ್ಲಿ ಬರಲ್ಲ. ಸ್ಟೆಪ್ನಿ ನಾನು ಬದಲಾಯಿಸ್ಲಿಲ್ಲ, ನನ್ನ ಗಾಡೀಲಿ ಇರೋದು 14 ಇಂಚಿನ ಕಬ್ಬಿಣದ ಚಕ್ರ, ಈಗಿನ ಟೈರ್‌ಗಿಂತ ಎತ್ತರ ಕಮ್ಮಿ, ಪಂಕ್ಚರ್ ಅಂಗಡಿವರ್ಗೂ ನಿಧಾನಕ್ಕೆ ಹೋಗೋಕೆ ಸಾಕು. ಮುಂದಿನ ಚಕ್ರನೇ ಪಂಕ್ಚರ್ ಆದ್ರೆ, ಎತ್ತರ ಕಮ್ಮಿ ಇರೋ ಸ್ಟೆಪ್ನಿ ಇಂಜಿನ್ ಎಳೆಯೋ ಕಡೆ ಬೇಡ, ಹಿಂದಿಂದು ಒಂದು ಮುಂದಕ್ಕೆ ಹಾಕಿ ಸ್ಟೆಪ್ನಿ ಹಿಂದಕ್ಕೆ ಹಾಕ್ರಿ, ಎರಡು ಸಲ ಜಾಕಿ ಎತ್ಬೇಕಾಗ್ತೈತಿ, ಆದ್ರೂ ಹಂಗೇ ಮಾಡ್ರಿ.