ಮೂರು ಇಯರ್‌ಫೋನ್ ಬಳಸಿ ನೋಡಿದೆ, ಕಿವಿಗೆ ಒಗ್ಗಿದ್ದು ಎಲ್ಲಕ್ಕಿಂತ ಅಗ್ಗದ್ದು

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು ಮೂರರಲ್ಲಿ ಅತಿ ಕಡಿಮೆ ಬೆಲೆಯದು. ಒಳಗೆ ಒಂದೇ ಒಂದು ಡೈನಾಮಿಕ್ ಡ್ರೈವರ್ (ಡ್ರೈವರ್ ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್), ಬಿಚ್ಚಿ ಹಾಕಬಹುದಾದ ವೈರ್, ಅಷ್ಟೇ. ಅದಕ್ಕೂ ಮೊದಲು ಕೊಂಡಿದ್ದು ಐದು ಡ್ರೈವರ್‌ನ ಹೈಬ್ರಿಡ್, ಅಂದರೆ ಬೇರೆ ಬೇರೆ ಬಗೆಯ ಡ್ರೈವರ್‌ಗಳನ್ನು ಸೇರಿಸಿದ್ದು, ಬೆಲೆ ಇದರ ಎರಡು ಪಟ್ಟು. ಮೂರನೆಯದು ಎರಡು ವರ್ಷದಿಂದ ಬಳಸುತ್ತಿದ್ದ ಬ್ಲೂಟೂತ್ ಜೋಡಿ.

ಹೈಬ್ರಿಡ್ ಮೊದಲ ದಿನ ತುಂಬಾ ಖುಷಿ ಕೊಟ್ಟಿತು. ಡ್ರಮ್ ಬಡಿದರೆ ಎದೆಗೆ ತಾಗಿದ ಹಾಗೆ, ತಾಳದ ಸದ್ದು ಮಿನುಗಿದ ಹಾಗೆ. ಮೂರನೇ ದಿನಕ್ಕೆ ಕಿವಿ ದಣಿಯಿತು. ಬೇಸ್ (ತಗ್ಗಿನ ಸದ್ದು) ಮತ್ತು ಟ್ರೆಬಲ್ (ಚೂಪು ಸದ್ದು) ಎರಡನ್ನೂ ಎತ್ತಿ ನಡುವಿನದನ್ನು ತಗ್ಗಿಸಿದ್ದಾರೆ, ಮನುಷ್ಯರ ದನಿ ಇರುವುದೇ ಆ ನಡುವಿನಲ್ಲಿ ಅಲ್ವಾ? ಹಾಡುವವರು ಪಕ್ಕದ ಕೋಣೆಯಲ್ಲಿ ನಿಂತು ಹಾಡುತ್ತಿದ್ದಾರೆ ಅನಿಸುತ್ತಿತ್ತು, ಆದರೆ ಅವರ ಸ, ಶ, ಷ ಮಾತ್ರ ಕಿವಿಯೊಳಗೇ ಸೀಟಿ ಹೊಡೆಯುತ್ತಿತ್ತು. ನಮ್ಮ ಕಿವಿಯ ಕೊಳವೆ ಸುಮಾರು 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ಜಾಸ್ತಿ ಮಾಡುತ್ತದೆ. ಇನ್-ಇಯರ್ ತುರುಕಿ ಕೊಳವೆ ಮುಚ್ಚಿದರೆ ಅದು ಹೋಗುತ್ತದೆ, ಹಾಗಾಗಿ ಕಳೆದಷ್ಟನ್ನು ಇಯರ್‌ಫೋನೇ ಸೇರಿಸಿ ಕೊಡಬೇಕು. ಒಂಟಿ ಡ್ರೈವರ್‌ನದರಲ್ಲಿ ಅದು ಸರಿಯಾಗಿದೆ. ಹೈಬ್ರಿಡ್‌ನಲ್ಲಿ ಆ ಜಾಗ ತಗ್ಗಿ, ಅದಕ್ಕಿಂತ ಮೇಲೆ ಎಲ್ಲೋ ಎದ್ದು ನಿಂತಿದೆ. ಡ್ರೈವರ್ ಎಷ್ಟಿವೆ ಅನ್ನುವುದರಿಂದ ದನಿ ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ.

ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿ ಕೇಳಿಸುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಒಬ್ಬರೇ ಮಾತಾಡುವ ರೆಕಾರ್ಡಿಂಗ್ ಹಾಕಿ, ಎರಡರಲ್ಲೂ ಮಾತು ಒಂದೇ ಮಟ್ಟಕ್ಕೆ ಬರುವ ಹಾಗೆ ಮಾಡಿಕೊಂಡು ಕೇಳಿದಾಗ ಹೈಬ್ರಿಡ್‌ನ ಅರ್ಧ ಮೆರುಗು ಇಳಿಯಿತು. ನಾನು ಚಪ್ಪಾಳೆಯ ಸದ್ದನ್ನೂ ಕೇಳುತ್ತೇನೆ. ಒಳ್ಳೆಯದರಲ್ಲಿ ಅದು ಕೈಗಳ ಸದ್ದಾಗಿರುತ್ತದೆ, ಇಲ್ಲದಿದ್ದರೆ ಎಣ್ಣೆಯಲ್ಲಿ ಏನೋ ಕರಿಯುತ್ತಿದ್ದ ಹಾಗೆ.

ಇನ್ನು ನನ್ನ ಮೆಚ್ಚಿನದು ಕೊಟ್ಟ ಕಾಟ. ಎರಡನೇ ತಿಂಗಳು ಒಂದು ಬೆಳಿಗ್ಗೆ ಎಡಗಡೆ ದನಿ ಸಣ್ಣಗಾಯಿತು. ನಿಂತುಹೋಗಿರಲಿಲ್ಲ, ಸಣ್ಣಗೆ ಅಷ್ಟೇ. ನಡುವೆ ಕೇಳಿಸಬೇಕಾದ ಹಾಡುಗಾರರು ಬಲಕ್ಕೆ ಸರಿದು ನಿಂತಿದ್ದರು. ಜಾಕ್ ಒರೆಸಿದೆ, ಫೋನ್ ಬದಲಿಸಿದೆ, ಏನೂ ಆಗಲಿಲ್ಲ. ವೈರ್ ಬಿಚ್ಚಿ ಎಡದ ಪಿನ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ. ಆಗಲೂ ಅದೇ ತುಂಡು ಸಣ್ಣಗೆ, ಅಂದರೆ ವೈರ್ ತಪ್ಪಲ್ಲ. ಎಡದ ತುಂಡನ್ನು ಬಲಗಿವಿಗೆ ಹೇಗೋ ತಿರುಗಿಸಿ ಇಟ್ಟು ಕೇಳಿದೆ, ಆಗಲೂ ಸಣ್ಣಗೆ, ಅಂದರೆ ನನ್ನ ಕಿವಿಯ ತಪ್ಪೂ ಅಲ್ಲ. ಅದನ್ನು ತಿಳಿದು ನಿಜವಾಗಿಯೂ ನೆಮ್ಮದಿಯಾಯಿತು.

ಕಿವಿಯೊಳಗೆ ಕೂರುವ ಮೆತ್ತನೆಯ ಟಿಪ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಮೂತಿಯ ಮೇಲಿನ ಪುಟ್ಟ ಜಾಲರಿಯಲ್ಲಿ ಗುಗ್ಗೆ ಮತ್ತು ತೇವ ಸೇರಿ ಪದರ ಕಟ್ಟಿತ್ತು. ನಾನು ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯುತ್ತೇನೆ, ಬೆವರುತ್ತೇನೆ, ಆಮೇಲೆ ಸೀದಾ ಚೀಲದೊಳಗೆ ಹಾಕಿ ಜಿಪ್ ಎಳೆಯುತ್ತಿದ್ದೆ. ದಯವಿಟ್ಟು ಪಿನ್ನಿನಿಂದ ಚುಚ್ಚಬೇಡಿ, ಕೊಳೆ ಒಳಗೆ ಹೋಗುತ್ತದೆ, ಜಾಲರಿಯೂ ಹರಿಯುತ್ತದೆ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಟ್ಟೆ. ಬೆಳಿಗ್ಗೆ ದನಿ ವಾಪಸ್ ಬಂದಿತ್ತು! ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಕೊನೆಗೆ ಜಾಲರಿಯನ್ನೇ ಬದಲಿಸಿದೆ. ಹಿಂದೆ ಅಂಟು ಇರುವ ಬಿಡಿ ಜಾಲರಿಗಳು ಸಿಗುತ್ತವೆ, ಮೂತಿಯ ಅಗಲ ಅಳೆದು ತೆಗೆದುಕೊಂಡರೆ ಸಾಕು. ಹಳೆಯದನ್ನು ಅಂಚಿನಿಂದ ಸೂಜಿಯಲ್ಲಿ ಮೆಲ್ಲಗೆ ಎಬ್ಬಿಸಿ ತೆಗೆದೆ. ಹೊಸದು ಹಾಕುವ ಮೊದಲು, ಜಾಲರಿ ಇಲ್ಲದೆಯೇ ಹೇಗಿರುತ್ತದೆ ಅಂತ ಹತ್ತು ನಿಮಿಷ ಕೇಳಿ ನೋಡಿದೆ. ಸ, ಶ ಎಲ್ಲ ಚೂಪಾಗಿ ಚುಚ್ಚಿದವು. ಅಂದರೆ ಜಾಲರಿ ಬರೀ ಕೊಳೆ ತಡೆಯುವುದಕ್ಕಲ್ಲ, ಟ್ರೆಬಲ್ ಅನ್ನು ಹದಕ್ಕೆ ತರುವುದೂ ಅದೇ. ಹಾಗಾಗಿ ಎರಡೂ ಕಡೆ ಒಟ್ಟಿಗೆ, ಒಂದೇ ಥರದ್ದು ಬದಲಿಸಬೇಕು. ಒಂದು ಕಡೆ ಮಾತ್ರ ಬದಲಿಸಿದರೆ ಎಡ ಬಲ ಹೊಂದುವುದಿಲ್ಲ. ಈಗ ನಡೆದು ಬಂದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಹದಿನೈದು ನಿಮಿಷ ಮೇಜಿನ ಮೇಲೆ ಬಿಡುತ್ತೇನೆ. ಆಮೇಲೆ ತೊಂದರೆ ಬಂದಿಲ್ಲ.

ಹೈಬ್ರಿಡ್‌ಗೂ ಇದೇ ಆಗಿತ್ತು. ಅದರ ಜಾಲರಿ ಒಳಗೆ ಭದ್ರವಾಗಿ ಕೂತ ಲೋಹದ್ದು, ಎಬ್ಬಿಸಲು ಆಗಲಿಲ್ಲ. ಒಂದು ಕಡೆ ಟ್ರೆಬಲ್ ಮಂಕಾಗಿಯೇ ಉಳಿಯಿತು. ಅಷ್ಟು ದುಡ್ಡು ಕೊಟ್ಟ ವಸ್ತು ಸುಮ್ನೆ ಡ್ರಾಯರ್‌ನಲ್ಲಿ ಬಿದ್ದಿರುವುದನ್ನು ನೋಡಿದರೆ ಬೇಜಾರಾಗುತ್ತದೆ.

ಬ್ಲೂಟೂತ್‌ನದು ಕರೆಗಳಿಗೆ ಅನುಕೂಲ, ದನಿಯೂ ಪರವಾಗಿಲ್ಲ. ಆದರೆ ಬಲಗಡೆಯ ಬ್ಯಾಟರಿ ಈಗ ಒಂದು ಗಂಟೆ ಬರುವುದೂ ಕಷ್ಟ, ಬಿಚ್ಚಿ ಬೇರೆ ಹಾಕುವ ದಾರಿಯೂ ಇಲ್ಲ.

ಬೇಸ್ ಇಲ್ಲ ಅನಿಸಿದರೆ ಮೊದಲು ಟಿಪ್ ಬದಲಿಸಿ, ಗಾಳಿ ಸೋರಿದರೆ ಬೇಸ್ ಹೋಗುತ್ತದೆ. ನನ್ನ ಬಲಗಿವಿಗೆ ಮಧ್ಯಮ, ಎಡಗಿವಿಗೆ ದೊಡ್ಡದು ಬೇಕು. ವೈರ್ ಬಟ್ಟೆಗೆ ಉಜ್ಜುವ ಸದ್ದು ಕಿವಿಯ ಹಿಂದಿನಿಂದ ಸುತ್ತಿ ಹಾಕಿದರೆ ಬಹಳ ಕಡಿಮೆಯಾಗುತ್ತದೆ.

ದಿನಕ್ಕೆ ಹತ್ತು ಕರೆ ಮಾಡುವವರು ನನ್ನ ಮಾತು ಕೇಳಬೇಡಿ, ನನ್ನ ವೈರ್‌ನಲ್ಲಿ ಮೈಕ್ ಕೂಡ ಇಲ್ಲ. ಬೆಳಿಗ್ಗೆ ನಡಿಗೆ, ರಾತ್ರಿ ಕಡಿಮೆ ವಾಲ್ಯೂಮ್‌ನಲ್ಲಿ ಒಂದಷ್ಟು ಹಾಡು, ನನ್ನ ಬಳಕೆ ಇಷ್ಟೇ. ಹೈಬ್ರಿಡ್‌ಗೆ ಕೊಟ್ಟ ದುಡ್ಡಿನಲ್ಲಿ ಇಂಥವು ಎರಡು ಬರುತ್ತಿದ್ದವು, ಹಾಗಾಗಿ ಇನ್ನೊಂದನ್ನು ತಂಗಿಗೆ ಕೊಡಿಸಿದೆ, ಜೊತೆಗೆ ಎರಡು ಜೊತೆ ಜಾಲರಿಯನ್ನೂ.